ಬೀರುವಿನ ಹಿಂದಿನ ಗೋಡೆ

ಏಪ್ರಿಲ್ 4

ಮೊಮ್ಮಗಳು ಕಾವೇರಿಗೆ ಮತ್ತೆ ಉಬ್ಬಸ. ನಾಲ್ಕೂವರೆ ವರ್ಷದ ಕೂಸು, ಉಸಿರು ಎಳೆದರೆ ಪಕ್ಕೆಲುಬು ಒಂದೊಂದೂ ಎದ್ದು ಕಾಣುತ್ತದೆ. ನೋಡಲಾಗುವುದಿಲ್ಲ. ಗಾಂಧಿನಗರದ ಮಕ್ಕಳ ಡಾಕ್ಟರಮ್ಮ ಮುಖಕ್ಕೆ ಮಾಸ್ಕ್ ಹಿಡಿದು ಹೊಗೆಯಂಥ ಔಷಧಿ ಕೊಟ್ಟರು. ಆಮೇಲೆ ಒಂದು ಇನ್‌ಹೇಲರ್ ಪಂಪು ಬರೆದು, ದಿನಾ ಎರಡು ಹೊತ್ತು ತಪ್ಪದೆ ಎಳೆಸಿ ಎಂದರು.

ನಾನು ಅಲ್ಲೇ ಹೇಳಿದೆ: “ಪಂಪು ಚಟ ಆಗಿಬಿಡತೈತ್ರಿ. ಕುಡಿಯೋ ಔಷಧಿ ಕೊಡ್ರಿ.”

ಸೊಸೆ ನನ್ನ ಕಡೆ ಒಂದು ನೋಟ ನೋಡಿದಳು. ಶಾಲೆಯಲ್ಲಿ ಗಣಿತದ ಟೀಚರು. ಅವಳ ಕಣ್ಣಿಗೆ ಲೋಕದವರೆಲ್ಲ ತಪ್ಪು ಲೆಕ್ಕ ಮಾಡಿದ ಮಕ್ಕಳೇ.

ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದರು. “ಮನ್ಯಾಗ ಎಲ್ಲರ ಗ್ವಾಡಿ ಹಸಿ ಆಗೈತೇನ್ರಿ? ಬೂಷ್ಟು ಹಿಡದೈತೇನು?”

ನನಗೆ ನಗು ತಡೆಯಲಾಗಲಿಲ್ಲ. “ಇದು ಬಳ್ಳಾರಿ ಐತ್ರಿ ಡಾಕ್ಟರಮ್ಮ. ನಳದಾಗ ನೀರು ಬಂದ್ರ ಹಬ್ಬ ಮಾಡೋ ಮಂದಿ ನಾವು. ಗ್ವಾಡಿಗೆ ಎಲ್ಲಿಂದ ನೀರು ತರೂಣು?”

ನಮ್ಮೂರಿಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಇಲ್ಲಿ ಬೂಷ್ಟು ಹಿಡಿಯಬೇಕಾದರೆ ಉಪ್ಪಿನಕಾಯಿ ಭರಣಿಗೇ ಹಿಡಿಯಬೇಕು. ನಾನು ಹಾಕಿದ ಉಪ್ಪಿನಕಾಯಿಗೆ ಅದೂ ಹಿಡಿಯುವುದಿಲ್ಲ.

ತಪ್ಪೆಲ್ಲ ಧೂಳಿನದು. ದಿನವಿಡೀ ಲಾರಿ ಓಡಾಡುವ ರಸ್ತೆ, ಬೆಳಿಗ್ಗೆ ಒರೆಸಿದ ಕಿಟಕಿ ಕಟ್ಟೆ ಮಧ್ಯಾಹ್ನಕ್ಕೆ ಕೆಂಪಗಿರುತ್ತದೆ. ಇವತ್ತು ನನ್ನ ಕೋಣೆಯ ಕಿಟಕಿ ಭದ್ರವಾಗಿ ಮುಚ್ಚಿ, ಸಂದಿಗಳಿಗೆಲ್ಲ ಹಳೇ ಸೀರೆಯ ಚೂರು ತುರುಕಿದ್ದೇನೆ. ಕಿಟಕಿಯಲ್ಲಿದ್ದ ಕೂಲರನ್ನು ಒಳಗೆ ತಂದು ಬೀರುವಿನ ಪಕ್ಕ ಇಟ್ಟಿದ್ದೇನೆ. ಒಂದು ಕಣ ಧೂಳು ಒಳಗೆ ಬರಲಿ, ನೋಡುತ್ತೇನೆ.

ಏಪ್ರಿಲ್ 11

ನಮ್ಮವರು ಹೋದ ಮೇಲೆ ಮೂರು ವರ್ಷದಿಂದ ಕಾವೇರಿ ನನ್ನ ಪಕ್ಕದಲ್ಲೇ ಮಲಗುವುದು. ಅವಳ ಕಾಲು ನನ್ನ ಹೊಟ್ಟೆಯ ಮೇಲೆ ಬಿದ್ದರೇ ನನಗೆ ನಿದ್ದೆ. ಈ ಕೂಲರು ತರಿಸಿದ್ದೂ ಅವಳಿಗಾಗಿಯೇ. ತೊಟ್ಟಿಗೆ ನೀರು ತುಂಬುವ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ.

ಮಗ ಹಂಪೇಶನಿಗೆ ಕೌಲ್ ಬಜಾರಿನಲ್ಲಿ ಮೋಟಾರ್ ರಿಪೇರಿ ಅಂಗಡಿ. ಊಟಕ್ಕೆ ಬಂದವನು ಮೂಗು ಮುರಿದ. “ಅವ್ವಾ, ಕೂಲರಿನ ಹುಲ್ಲು ಹ್ವಾದ ವರ್ಷದ್ದು. ವಾಸನಿ ಬರಾಕತ್ತೈತಿ.”

“ಅದು ಲಾವಂಚದ ವಾಸನಿ ಲೇ. ನಿನಗೇನು ಗೊತ್ತು, ಗ್ರೀಸಿನ್ಯಾಗ ಮೂಗು ಇಟಗೊಂಡು ಕುಂದ್ರಾಂವ,” ಎಂದೆ.

ಕೋಣೆ ಈಗ ಎಷ್ಟು ತಂಪು! ಚಾದರ ಮುಟ್ಟಿದರೆ ಹಸಿ ಹಸಿ ಅನ್ನಿಸುವಷ್ಟು ತಂಪು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ನನ್ನ ಕೂಸಿಗೆ ಬೆವರಿಲ್ಲ. ಆದರೂ ಬೆಳಗಿನ ಜಾವಕ್ಕೆ ಕೆಮ್ಮು ಎದ್ದುಬಿಡುತ್ತದೆ. ಯಾರದೋ ಕಣ್ಣು ಬಿದ್ದಿರಬೇಕೆಂದು ಇವತ್ತು ಉಪ್ಪು ಮೆಣಸಿನಕಾಯಿ ಇಳಿತೆಗೆದು ಕೆಂಡಕ್ಕೆ ಹಾಕಿದೆ. ಘಾಟು ಬಾರದಿದ್ದರೆ ದೃಷ್ಟಿ ಆಗಿದೆ ಅಂತ. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದೆವು. ಸೊಸೆ ಕೂಸನ್ನು ಎತ್ತಿಕೊಂಡು ಮಾಳಿಗೆಗೆ ಓಡಿದಳು. ದೃಷ್ಟಿಯೇನೂ ಇಲ್ಲ ಅನ್ನುವುದಂತೂ ಖಾತ್ರಿಯಾಯಿತು.

ಏಪ್ರಿಲ್ 19

ಶಾಲೆಗೆ ರಜೆ. ಸೊಸೆ ಕೂಸನ್ನು ಕರೆದುಕೊಂಡು ತವರಿಗೆ, ಕುರುಗೋಡಿಗೆ ಹೋದಳು. ಪಂಪನ್ನೂ ಒಯ್ದಿದ್ದಾಳೆ. ಕೂಲರಿಲ್ಲದ ಮನೆ ಅದು, ಹಿಂದೆ ಬರೀ ಬಂಡೆಯ ಗುಡ್ಡ. ಬಿಸಿಲಿಗೆ ಕೂಸು ಬಾಡಿ ವಾಪಸು ಬರುತ್ತದೆ, ಬರೆದಿಡುತ್ತೇನೆ.

ಏಪ್ರಿಲ್ 20

ಹಾಸಿಗೆ ಬಹಳ ಅಗಲ.

ಏಪ್ರಿಲ್ 27

ವಿಡಿಯೋ ಕಾಲಿನಲ್ಲಿ ಕಾವೇರಿ ಮಾತಾಡಿದಳು. ಮಾತಾಡಿದಳು ಅನ್ನುವುದಕ್ಕಿಂತ ಕುಣಿದಳು. ಹಿಂದಿನಿಂದ ಬೀಗತಿ ಹೊನ್ನೂರಮ್ಮ ಇಣುಕಿ, “ಬಂದು ಮೂರು ದಿನಕ್ಕ ಕೆಮ್ಮು ಬಿಡ್ತು ನೋಡ್ರಿ ಬೀಗತಿ. ನಮ್ಮೂರ ಗಾಳೀನs ಹಂಗ,” ಎಂದರು.

ಕೂಸು ಚೆನ್ನಾಗಿದೆ ಎಂದು ಸಂತೋಷವಾಯಿತು, ಬಹಳ ಸಂತೋಷವಾಯಿತು. ಆದರೆ ಕುರುಗೋಡಿನ ಗಾಳಿ! ಕಲ್ಲು ಒಡೆಯುವ ಊರು, ಅಲ್ಲೇನು ಧೂಳಿಲ್ಲವೇ? ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ.

ಮೇ 8

ಕೂಸು ಕುರುಗೋಡಿನಿಂದ ಬಂದು ಮೂರನೆಯ ದಿನ ಮತ್ತೆ ಅದೇ ಉಬ್ಬಸ. ಎದೆಗೆ ಕಿವಿಯಿಟ್ಟರೆ ಒಳಗೆ ಬೆಕ್ಕಿನ ಮರಿ ಕೂಗಿದಂತೆ. ಮತ್ತೆ ಡಾಕ್ಟರಮ್ಮ, ಮತ್ತೆ ಮಾಸ್ಕು.

ಊಟಕ್ಕೆ ಕೂತಾಗ ಸೊಸೆ ತಟ್ಟೆ ನೋಡುತ್ತಾ ಹೇಳಿದಳು. “ಅತ್ತಿ, ಸಿಟ್ಟಾಗಬ್ಯಾಡ್ರಿ. ಕಾವೇರಿ ನಮ್ಮ ಜೋಡಿ ಮ್ಯಾಲೆ ಮಲಗಲಿ. ಆ ಕ್ವಾಣಿ ಒಂದೀಟು ನೋಡಬೇಕ್ರಿ.”

“ಏನು ನೋಡತಿ? ಮೂರು ವರ್ಷ ನಾನು ಮಲಗಿಲ್ಲೇನು ಅದರಾಗ? ನನಗೇನಾಗೇತಿ?”

“ನೀವು ದೊಡ್ಡವರು, ಅಕಿ ಸಣ್ಣಾಕಿ.”

ಹಂಪೇಶ ಸಾರಿನಲ್ಲಿ ಏನೋ ಹುಡುಕುತ್ತಿದ್ದ. ನನ್ನ ಮಗ ಇಂಥ ಹೊತ್ತಿನಲ್ಲಿ ಯಾವಾಗಲೂ ಸಾರಿನಲ್ಲಿ ಏನೋ ಹುಡುಕುತ್ತಿರುತ್ತಾನೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಗೊತ್ತಿದೆ. ಆದರೆ ಕೂಸನ್ನು ನನ್ನ ಮಗ್ಗುಲಿನಿಂದ ಎಬ್ಬಿಸುವುದಕ್ಕೆ ಕೋಣೆಯ ನೆಪವೇ? ನಾನೂ ಹಟಕ್ಕೆ ಬಿದ್ದೆ. ಊರು ಬದಲಾದರೆ ಕೆಮ್ಮು ಹೋಗುವುದಾದರೆ ನನಗೂ ಒಂದು ತವರಿದೆ. ಕೂಸು ಸುಧಾರಿಸಿದ ಕೂಡಲೇ ಸಿರುಗುಪ್ಪಕ್ಕೆ ಹೊರಡುವುದು. ಹೊನ್ನೂರಮ್ಮನ ಗಾಳಿಗಿಂತ ನನ್ನ ತಮ್ಮನ ಮನೆಯ ಗಾಳಿ ಏನು ಕಮ್ಮಿಯೋ ನೋಡಿಯೇಬಿಡೋಣ.

ಮೇ 15, ಸಿರುಗುಪ್ಪ

ಗೆದ್ದೆ! ಬಂದು ನಾಲ್ಕು ದಿನವಾಯಿತು, ಕಾವೇರಿ ಕೆಮ್ಮಿಲ್ಲ. ಹಿಂದೆ ಕಾಲುವೆ, ಮುಂದೆ ರೈಸ್ ಮಿಲ್ಲು, ಗಾಳಿ ಬಂದರೆ ಉಮಿಯ ಧೂಳು ಅನ್ನದ ತಟ್ಟೆಗೇ ಬೀಳುತ್ತದೆ. ಕೂಸು ಅದರಲ್ಲೇ ಕರುವಿನ ಹಿಂದೆ ಓಡುತ್ತದೆ. ಸಂಜೆಯಾದರೆ ತಮ್ಮ ದೊಡ್ಡಬಸವರಾಜ ಮಾಳಿಗೆಯ ಮೇಲೆ ಚಾಪೆ ಹಾಸುತ್ತಾನೆ. ಬಯಲಿನಲ್ಲಿ ಮಲಗಿ ಬೆಳಗಿನವರೆಗೂ ಒಂದೇ ನಿದ್ದೆ. ಅವಳ ಕಾಲು ನನ್ನ ಹೊಟ್ಟೆಯ ಮೇಲೆಯೇ.

ಸೊಸೆಗೆ ಫೋನು ಮಾಡಿ ಹೇಳಿದೆ. “ನಿಮ್ಮ ಕುರುಗೋಡಿನಾಗ ಅಷ್ಟs ಗಾಳಿ ಇರೋದಲ್ಲವಾ. ಇಲ್ಲಿ ಬಂದು ನೋಡು ನಿನ್ನ ಮಗಳನ್ನ.”

ಅವಳು, “ಕುರುಗೋಡಿನಾಗೂ ಆರಾಮಿದ್ಲು. ಸಿರುಗುಪ್ಪದಾಗೂ ಆರಾಮದಾಳ. ಹಂಗಾರ ಎಲ್ಲಿ ಆರಾಮಿಲ್ರಿ ಅತ್ತಿ?” ಎಂದಳು.

ನೆಟ್‌ವರ್ಕ್ ಸರಿ ಇರಲಿಲ್ಲ. ಫೋನು ಇಟ್ಟೆ.

ಮೇ 16

ಊಟ ಸೇರಲಿಲ್ಲ. ಪಂಪಾವತಿ, ನನ್ನ ತಮ್ಮನ ಹೆಂಡತಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅದೂ ಸೇರಲಿಲ್ಲ.

ಮೇ 17

ಬೆಳಿಗ್ಗೆಯೇ ಹೊರಟೆ, ಒಬ್ಬಳೇ. ಕಾವೇರಿಯನ್ನು ಪಂಪಾವತಿಯ ಹತ್ತಿರ ಬಿಟ್ಟೆ. “ಅಜ್ಜಿ, ನಾನೂ ಬರ್ತೀನಿ” ಎಂದು ಸೆರಗು ಹಿಡಿದಳು. ಬಿಡಿಸಿಕೊಂಡು ಬಸ್ಸು ಹತ್ತಿದೆ. ಸಿರಿಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ಮನೆಯಲ್ಲಿ ಏನೂ ಸಿಗದಿದ್ದರೆ ಒಳ್ಳೆಯದು, ಸಿಕ್ಕರೂ ನನಗೇ ಮೊದಲು ಗೊತ್ತಾಗಲಿ ಎಂದು ಕೂತೇ ಇದ್ದೆ.

ಕೋಣೆಯ ಬಾಗಿಲು ತೆರೆದೆ. ಇಷ್ಟು ದಿನ ಮುಚ್ಚಿದ್ದ ಕೋಣೆ. ಬಯಲ ಗಾಳಿ ಕುಡಿದು ಬಂದ ಮೂಗಿಗೆ ಆ ವಾಸನೆ ಹೊಡೆಯಿತು. ಲಾವಂಚವಲ್ಲ. ಒದ್ದೆ ಗೋಣಿಚೀಲವನ್ನು ಮಡಚಿಟ್ಟು ಮರೆತರೆ ಬರುತ್ತದಲ್ಲ, ಅದು.

ಬೀರು ನೈರುತ್ಯ ಮೂಲೆಯಲ್ಲಿದೆ. ಭಾರವೆಲ್ಲ ಅಲ್ಲೇ ಇರಬೇಕು, ಕದಲಿಸಬಾರದು ಎಂದು ಗೃಹಪ್ರವೇಶದಲ್ಲಿ ಅಯ್ಯನವರು ಹೇಳಿದ್ದರು. ಬಣ್ಣ ಹಚ್ಚುವಾಗಲೂ ಅದನ್ನು ಬಿಟ್ಟೇ ಹಚ್ಚಿಸಿದ್ದೇವೆ. ಸೊಸೆಯನ್ನು ಕೂಗಿದೆ. “ಸೀರಿ ಎಲ್ಲಾ ತಗದು ಹೊರಗ ಹಾಕು. ಈ ಕಡೆ ನೀನು ಹಿಡಿ.”

“ಅತ್ತಿ, ನೈರುತ್ಯದ್ದು…”

“ಹಿಡಿ ಅಂದ್ನೆಲ್ಲ.”

ಇಬ್ಬರೂ ಸೇರಿ ನೂಕಿದೆವು.

ನೆಲದಿಂದ ನನ್ನ ಸೊಂಟದೆತ್ತರದವರೆಗೆ ಗೋಡೆ ಕರ್ರಗಿತ್ತು. ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆ, ನಡುನಡುವೆ ಹಸಿರು, ಒಂದು ಕಡೆ ಬಿಳಿ ಹತ್ತಿಯ ಹಾಗೆ ಉಬ್ಬಿ ನಿಂತಿದೆ. ಬೆರಳಿಟ್ಟರೆ ಗಾರೆ ಹಿಟ್ಟಿನಂತೆ ಉದುರಿತು. ಬೀರುವಿನ ಬೆನ್ನಿಗೂ ಅದೇ. ಕೂಲರಿನ ತೊಟ್ಟಿಯ ಅಡಿಯಿಂದ ನೀರು ಜಿನುಗಿ ಜಿನುಗಿ ಗೋಡೆಯ ಬುಡಕ್ಕೆ ಹೋಗಿದೆ. ಕಿಟಕಿಯಲ್ಲಿದ್ದಾಗಲೂ ಹೀಗೇ ಜಿನುಗಿರಬೇಕು. ಹುಲ್ಲು ಎಳೆದು ನೋಡಿದರೆ ಒಳಗೆಲ್ಲ ಪಾಚಿ. ಅದನ್ನೇ ಫ್ಯಾನು ಬೀಸಿ ಬೀಸಿ ಹೊರಗೆ ಹಾಕಿದೆ. ಹೊರಗೆ ಅಂದರೆ ಎಲ್ಲಿ? ಕಾವೇರಿಯ ದಿಂಬು ಅಲ್ಲಿಂದ ಒಂದು ಮೊಳ ದೂರ.

ನನ್ನ ಕೂಸು ಇದನ್ನು ಉಸಿರಾಡಿತು. ಅಲ್ಲೇ ನೆಲಕ್ಕೆ ಕೂತು ಅತ್ತೆ.

“ನಾ ಹೇಳಿರಲಿಲ್ಲೇನ್ರಿ” ಎಂದು ಸೊಸೆ ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ, ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೆ. ಅವಳು ದುಪಟ್ಟಾ ತಂದು ನನ್ನ ಮೂಗು ಬಾಯಿಗೆ ಕಟ್ಟಿ, ಸಂದಿಯ ಸೀರೆಚೂರು ಕಿತ್ತು ಕಿಟಕಿ ತೆರೆದಳು.

ಈ ಕೂಲರು ಮಾರಿದವನ ಮನೆ ಹಾಳಾಗಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು?

ಮೇ 19

ಡಾಕ್ಟರಮ್ಮನ ಹತ್ತಿರ ನಾನೇ ಹೋದೆ. ಮಗು ಎಲ್ಲಿ ಎಂದು ನರ್ಸು ಕೇಳಿದಳು. ಮಗು ಇಲ್ಲ, ಗೋಡೆಯ ವಿಷಯ ಎಂದೆ. ಆಕೆ ನಕ್ಕಳು. ನಗಲಿ.

ಡಾಕ್ಟರಮ್ಮ ನಗಲಿಲ್ಲ. “ಮ್ಯಾಲೆ ಬಣ್ಣ ಬಳದು ಮುಚ್ಚಬ್ಯಾಡ್ರಿ, ಒಳಗೊಳಗs ಬೆಳೀತೈತಿ. ನೀರು ಬರೋದು ಮೊದಲು ನಿಲ್ಲಸ್ರಿ. ಗಾರಿ ಕೆದರೋ ಮುಂದ ಕೂಸು ಮನ್ಯಾಗ ಇರಬಾರದು. ಗ್ವಾಡಿ ಪೂರಾ ಒಣಗೋ ತನಕ ಆ ಕ್ವಾಣ್ಯಾಗ ಮಲಗಸಬ್ಯಾಡ್ರಿ. ಮತ್ತ ಪಂಪು ಬಿಡಬ್ಯಾಡ್ರಿ ಅಮ್ಮಾರ, ಗ್ವಾಡಿ ಸ್ವಚ್ಛ ಆತಂತ ಅಕಿ ಎದಿ ಒಂದs ದಿನಕ್ಕ ಸರಿ ಆಗಂಗಿಲ್ಲ.”

ಪಂಪು ಎಳೆಸುವುದು ಹೇಗೆ, ಆಮೇಲೆ ಬಾಯಿ ಏಕೆ ಮುಕ್ಕಳಿಸಬೇಕು, ಎಲ್ಲ ಕೇಳಿಕೊಂಡೆ. ಇದನ್ನೆಲ್ಲ ಏಪ್ರಿಲಿನಲ್ಲೇ ಬಿಡಿಸಿ ಹೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು?

ಮೇ 21

ಗೌಂಡಿ ಓಬಳೇಶ ಬಂದ. ಗೋಡೆ ನೋಡಿ, “ಇದೇನು ದೊಡ್ಡದಲ್ಲ ಬಿಡವ್ವ. ಪುಟ್ಟಿ ಮೆತ್ತಿ ಎರಡು ಕೋಟ್ ಬಣ್ಣ ಹೊಡದ್ರ ಹೆಸರಿಲ್ಲದಂಗ ಹೋಗತೈತಿ. ಸಂಜಿಗೆ ಮುಗಸ್ತೀನಿ,” ಎಂದ. ಹಂಪೇಶನ ಮುಖ ಅರಳಿತು.

“ಇಟ್ಟಿಗಿ ಕಾಣೋ ತನಕ ಕೆದರಬೇಕು,” ಎಂದೆ.

“ಅವ್ವಾ, ಇಡೀ ಗ್ವಾಡಿ?” ಎಂದ ಹಂಪೇಶ.

“ಇಡೀ ಗ್ವಾಡಿ.”

“ಮನಿ ತುಂಬ ರಾಡಿ ಆಗತೈತವ್ವ,” ಎಂದ ಓಬಳೇಶ.

“ಅದಕ್ಕs ಮೊದಲು ನೀರು ಹೊಡೀ, ಧೂಳು ಏಳಬಾರದು. ಮತ್ತ ಈ ಮಾಸ್ಕು ಹಾಕ್ಕೊ. ನಿನಗೂ ಮಕ್ಕಳದಾವಲ್ಲ.”

ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಸಂಜೆಯವರೆಗೂ ಕುರ್ಚಿ ಹಾಕಿಕೊಂಡು ಕೂತೆ. ನಾನು ಎದ್ದರೆ ಅವನು ಪುಟ್ಟಿ ಡಬ್ಬಿ ತೆಗೆಯುತ್ತಾನೆ, ನನಗೆ ಗೊತ್ತು.

ಮೇ 29

ಬೀರುವನ್ನು ಸೋಪಿನ ನೀರಿನಲ್ಲಿ ಉಜ್ಜಿ, ಮೂರು ದಿನ ಬಿಸಿಲಿಗೆ ಇಟ್ಟು, ಪಡಸಾಲೆಯಲ್ಲಿ ನಿಲ್ಲಿಸಿದ್ದೇವೆ, ಗೋಡೆಗೆ ಗೇಣು ಅಂತರ ಬಿಟ್ಟು. ಪಕ್ಕದ ಮನೆಯ ನಾಗಲಕ್ಷ್ಮಿ ನೋಡಿ ಎದೆಯ ಮೇಲೆ ಕೈಯಿಟ್ಟಳು.

“ಸುಮಂಗಲಕ್ಕಾ, ನೈರುತ್ಯ ಖಾಲಿ ಬಿಟ್ಟೇನು? ಮನಿ ಯಜಮಾನ್ರಿಗೆ ಆಗಿಬರಂಗಿಲ್ಲವಾ.”

“ಯಜಮಾನ್ರು ಹೋಗಿ ಮೂರು ವರ್ಷಾತು. ಬೀರು ಅಲ್ಲೇ ಇತ್ತಲ್ಲ,” ಎಂದೆ.

ಪಾಪ, ಚಹಾ ಕುಡಿಯದೆ ಎದ್ದು ಹೋದಳು.

ಜೂನ್ 9

ಸಿರುಗುಪ್ಪದಿಂದ ಕಾವೇರಿ ಬಂದಳು. ಸೊಸೆ ಸೌಂದರ್ಯ ಶಾಲೆಗೆ ಹೋಗುವ ಗಡಿಬಿಡಿಯಲ್ಲಿರುತ್ತಾಳೆ, ಪಂಪು ಕೊಡುವ ಕೆಲಸ ನನ್ನದು. ಉದ್ದನೆಯ ಡಬ್ಬಿಗೆ ಪಂಪು ಸಿಕ್ಕಿಸಿ, ಮುಖಕ್ಕೆ ಹಿಡಿದು, ಒತ್ತಿ, ಅವಳು ನಿಧಾನವಾಗಿ ಎಳೆಯುವ ತನಕ ಕಾಯುವುದು. ಆಮೇಲೆ ಬಾಯಿ ಮುಕ್ಕಳಿಸುವುದು. ಅವಳು ನೀರನ್ನು ನನ್ನ ಸೀರೆಗೇ ಉಗಿಯುತ್ತಾಳೆ.

ನಾಗಲಕ್ಷ್ಮಿ ಜಗಳ ಮರೆತು ಬಂದವಳು, “ಪಂಪು ಚಟ ಆಗತೈತಂತಲ್ಲ?” ಎಂದಳು. ಮೈಯೆಲ್ಲ ಉರಿಯಿತು. ಓದಿದವರ ಹಾಗೆ ಕಾಣುತ್ತಾರೆ, ಮಾತು ನೋಡಿದರೆ ಹೀಗೆ. ಚೆನ್ನಾಗಿ ಬಿಡಿಸಿ ಹೇಳಿ ಕಳಿಸಿದೆ.

ಕಾವೇರಿ ಮೇಲಿನ ಕೋಣೆಯಲ್ಲಿ ಅಪ್ಪ ಅಮ್ಮನ ನಡುವೆ ಮಲಗುತ್ತಾಳೆ. ನಾನು ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ. ಕೂಲರನ್ನು ಬಿಚ್ಚಿ ಗುಜರಿಗೆ ಹಾಕಿಸಿದೆ. ಬೆವರಿನಲ್ಲಿ ಚಾಪೆ ತೋಯುತ್ತದೆ. ಬೆವರು ಬಂದರೆ ಯಾರೂ ಸಾಯುವುದಿಲ್ಲ. ಮಗ್ಗುಲು ಖಾಲಿ ಅನ್ನಿಸುವುದು ಮಾತ್ರ ಹೋಗಿಲ್ಲ. ಹೋಗುವುದೂ ಇಲ್ಲ ಅಂತ ಕಾಣುತ್ತದೆ.

ಜುಲೈ 6

ಕುರುಗೋಡಿಗೆ ಹೋಗಿದ್ದೆ, ಬೀಗರ ಮನೆಯಲ್ಲಿ ಸೀಮಂತ. ಎಲ್ಲರೂ ಆರತಿಯಲ್ಲಿದ್ದಾಗ ನಾನು ಒಳಗೆ ಹೋಗಿ ಅವರ ಬೀರು, ದವಸದ ಡಬ್ಬಿ, ಹಾಸಿಗೆ ಪೆಟ್ಟಿಗೆ ಎಲ್ಲದರ ಹಿಂದೆ ಬಗ್ಗಿ ಮೂಸಿ ನೋಡಿದೆ. ಹೊನ್ನೂರಮ್ಮ ಬಾಗಿಲಲ್ಲಿ ನಿಂತಿದ್ದರು.

“ಏನರ ಕಳಕೊಂಡ್ರೇನು ಬೀಗತಿ?”

“ಇಲ್ಲವಾ, ಗ್ವಾಡಿ ನೋಡಾಕತ್ತಿದ್ದೆ.”

ಏನೂ ಇರಲಿಲ್ಲ. ಒಂದು ಚುಕ್ಕೆಯೂ ಇಲ್ಲ. ಸ್ವಲ್ಪ ಬೇಜಾರಾಯಿತು ಎಂದು ಇಲ್ಲಿ ಬರೆದರೆ ಯಾರು ಓದುತ್ತಾರೆ?

ಜುಲೈ 22

ಹೊಸ ಗಾರೆ ಒಣಗಿದೆ ಎಂದು ಓಬಳೇಶ ಸುಣ್ಣ ಹೊಡೆದು ಹೋದ. ಕೋಣೆ ಬೆಳ್ಳಗೆ, ಮದುವೆ ಮನೆಯ ಹಾಗೆ. ಕಿಟಕಿ ಹಗಲೆಲ್ಲ ತೆರೆದೇ ಇರುತ್ತದೆ. ಧೂಳು ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಕಿಟಕಿ ಮುಚ್ಚಿಕೊಂಡು ಕೂರುವ ಮಂದಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಆಗಸ್ಟ್ 3

ನಾಲ್ಕು ದಿನದಿಂದ ಮಳೆ. ಈ ಸಲ ನಮ್ಮೂರಿಗೂ ದಾರಿ ಸಿಕ್ಕಿದೆ ಅದಕ್ಕೆ.

ಬೆಳಿಗ್ಗೆ ಹಂಪೇಶ ಹೇಳಿದ: “ಅವ್ವಾ, ಕ್ವಾಣಿ ತಯಾರಾಗಿ ಹತ್ತು ದಿನಾತು. ಕಾವೇರಿ ಇವತ್ತಿಂದ ನಿನ್ನ ಹಂತೇಕ ಮಲಗಲಿ.” ಅವಳು ಅದನ್ನು ಕೇಳಿಸಿಕೊಂಡು ದಿನವಿಡೀ ದಿಂಬು ಹಿಡಿದುಕೊಂಡೇ ತಿರುಗಿದಳು. ನನಗೂ ಮನಸ್ಸು ನಿಲ್ಲಲಿಲ್ಲ. ಮಂಚಕ್ಕೆ ಒಗೆದ ಚಾದರ ಹಾಸಿದೆ. ಅವಳ ಜಾಗಕ್ಕೆ ಸಣ್ಣ ಕೌದಿ ಹಾಸಿದೆ.

ಊಟವಾದ ಮೇಲೆ ಒಂದು ಸಲ ನೋಡಿಬಿಡೋಣ ಎಂದು ಟಾರ್ಚು ಹಿಡಿದು ಗೋಡೆಯ ಬುಡಕ್ಕೆ ಬಗ್ಗಿದೆ. ಕಿಟಕಿಯ ಕೆಳಗೆ, ಅಂಗೈಯಗಲ ಜಾಗದಲ್ಲಿ ಸುಣ್ಣದ ಬಣ್ಣ ಸ್ವಲ್ಪ ಮಬ್ಬು. ಮುಟ್ಟಿದೆ. ತಂಪು. ಕಿಟಕಿಯ ಮೂಲೆಯಿಂದ ಎರಚಲು ಇಳಿದಿದೆ.

ಎಲ್ಲರನ್ನೂ ಕರೆದು ತೋರಿಸಿದೆ. ಹಂಪೇಶ ಮೊಣಕಾಲೂರಿ ನೋಡಿ, “ಎಲ್ಲೈತಿ?” ಎಂದ. ಸೌಂದರ್ಯ ಕೈಯಿಟ್ಟು ನೋಡಿದಳು.

“ಬೂಷ್ಟೇನಿಲ್ರಿ ಅತ್ತಿ. ಬರೀ ಹಸಿ, ಬಿಸಲು ಬಿದ್ರ ಒಣಗತೈತಿ. ಒಂದು ರಾತ್ರಿಗೆ ಏನಾಗಂಗಿಲ್ಲ. ಮಲಗಲಿ ಬಿಡ್ರಿ, ಬೆಳಗಿಂದ ಹಟ ಹಿಡದಾಳ.”

“ಒಣಗಲಿ, ಆಮ್ಯಾಲೆ ಮಲಗಲಿ.”

“ಮಳಿ ನಿಲ್ಲಾಕ ಇನ್ನೂ ಒಂದು ತಿಂಗಳು ಬೇಕು ಅವ್ವಾ.”

“ತಿಂಗಳಾಗಲಿ, ದೀಪಾವಳಿ ಆಗಲಿ. ನಾಳೆ ಓಬಳೇಶಗ ಫೋನ್ ಹಚ್ಚು, ಕಿಟಕಿ ಮ್ಯಾಲೆ ಸಜ್ಜಾ ಹಾಕಲಿ. ಅಲ್ಲಿತನಕ ನಾನೊಬ್ಬಾಕಿ ಮಲಗಿ ನೋಡತೀನಿ. ಕೆಮ್ಮು ಬಂದ್ರ ನನಗs ಬರಲಿ.”

ಕಾವೇರಿ ಅಷ್ಟರಲ್ಲಿ ಮಂಚ ಹತ್ತಿ ಕೌದಿ ಹೊದ್ದು ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದಳು, ನಿದ್ದೆ ಬಂದವರನ್ನು ಯಾರೂ ಎಬ್ಬಿಸುವುದಿಲ್ಲ ಎಂದು. ರೆಪ್ಪೆ ಅದುರುತ್ತಿತ್ತು. ಎತ್ತಿಕೊಂಡೆ. ಕುತ್ತಿಗೆಗೆ ಕೈ ಹಾಕಿ ಬಿಗಿಯಾಗಿ ಹಿಡಿದಳು. ಒಂದೊಂದೇ ಬೆರಳು ಬಿಡಿಸಿ, ಹೊರಗೆ ಅವಳ ಅಮ್ಮನ ಕೈಗೆ ಕೊಟ್ಟು ಚಿಲಕ ಹಾಕಿದೆ.

ಬಾಗಿಲು ಬಡಿಯಲು ಶುರು ಮಾಡಿದಳು. “ಅಜ್ಜೀ! ಬಾಗಲಾ ತಗೀ! ಅಜ್ಜೀ!” ಆಮೇಲೆ ಮಾತು ಹೋಗಿ ಬರೀ ಅಳು.

ಕೈ ಚಿಲಕದ ಮೇಲೆಯೇ ಇತ್ತು. ತೆಗೆಯಬೇಕು ಅನ್ನುವಷ್ಟರಲ್ಲಿ ಆ ಅಳು ಕಿವಿಗೆ ಬಿತ್ತು. ಏಪ್ರಿಲಿನಲ್ಲಿ ಹೀಗೆ ಹಟ ಮಾಡಿದರೆ ಎರಡನೆಯ ಕೂಗಿಗೇ ಉಸಿರು ಸಿಕ್ಕಿಕೊಂಡು, ತುಟಿ ಕಪ್ಪಗಾಗಿ, ಅಳು ಕೆಮ್ಮಾಗಿ ಮುಗಿಯುತ್ತಿತ್ತು. ಅವಳಿಗೆ ಪೂರ್ತಿ ಅಳುವುದಕ್ಕೂ ಆಗುತ್ತಿರಲಿಲ್ಲ. ಈಗ ಒಂದು ಕೂಗು ಎತ್ತಿದರೆ ಇಳಿಯುವುದೇ ಇಲ್ಲ. ಉದ್ದಕ್ಕೆ ಎಳೆದು, ಗಟ್ಟಿಯಾಗಿ ಉಸಿರು ತುಂಬಿಕೊಂಡು, ಮತ್ತೆ ಅದಕ್ಕಿಂತ ಜೋರು. ಮಳೆಯ ಸದ್ದೂ ಅಡಗಿತು. ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

“ಅತ್ತಿ, ಭಾಳ ಅಳಾಕತ್ಯಾಳ್ರಿ. ಬಾಗಲಾ ತಗೀರಿ,” ಎಂದಳು ಸೌಂದರ್ಯ ಹೊರಗಿನಿಂದ.

“ಅಳಲಿ ಬಿಡವಾ,” ಎಂದೆ. “ಇನ್ನೊಂದೀಟು ಅಳಲಿ.”

ಬಾಗಿಲಿಗೆ ಕಿವಿ ಹಚ್ಚಿ ನಿಂತೆ.